ನಮ್ಮ ಹಣ ಎಲ್ಲಿ ದುಡಿಯುತ್ತಿದೆ?

(ಸ್ವಸಹಾಯ ಸಂಘಗಳ ಒಕ್ಕೂಟದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಳೆದ ತಿಂಗಳ ಸಭೆಯಲ್ಲಿ ಒಬ್ಬ ಸದಸ್ಯೆ ನನ್ನ ಹತ್ತಿರ ಒಂದು ಪ್ರಶ್ನೆ ಕೇಳಿದರು. “ಸಿಸ್ಟರ್, ಬೆಂಗಳೂರಿನಲ್ಲಿರುವ ಮಗಳು ನನ್ನ ಹೆಸರಿನಲ್ಲಿ ತಿಂಗಳಿಗೆ 500 ರೂಪಾಯಿ ಮ್ಯೂಚುವಲ್ ಫಂಡಿಗೆ ಕಟ್ಟುತ್ತಾಳೆ. ಆ ಹಣ ಸಿಗರೇಟು ಕಂಪನಿಗೂ ಹೋಗ್ತದಂತೆ. ಅದು ತಪ್ಪಾ? ತಪ್ಪಾದರೆ ನಾನು ಬೀಡಿ ಕಟ್ಟುವುದೂ ತಪ್ಪಲ್ವಾ?” ಪಕ್ಕದಲ್ಲಿದ್ದವರು ಹೇಳಿದರು: “ಸರಿ, ತಪ್ಪು ಎಲ್ಲ ಅವರವರಿಗೆ ಬಿಟ್ಟದ್ದು. ಒಬ್ಬರಿಗೆ ತಪ್ಪಾದದ್ದು ಇನ್ನೊಬ್ಬರಿಗೆ ಹೊಟ್ಟೆಪಾಡು.” ಆ ದಿನ ನಾನು ಉತ್ತರ ಕೊಡಲಿಲ್ಲ. ಇವತ್ತು ಕೊಡಲು ಪ್ರಯತ್ನಿಸುತ್ತೇನೆ.

ಮೊದಲು ಹಣ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯೋಣ. ಷೇರು ಎಂದರೆ ಕಂಪನಿಯಲ್ಲಿ ಒಂದು ಪಾಲು. ಫಂಡಿನವರು ಸಾವಿರಾರು ಜನರ ಹಣ ಒಟ್ಟುಮಾಡಿ ಅನೇಕ ಕಂಪನಿಗಳ ಪಾಲು ಕೊಳ್ಳುತ್ತಾರೆ. ‘ನನಗೆ ಫಂಡ್ ಇಲ್ಲ’ ಎನ್ನುವವರೂ ಇದರಿಂದ ಹೊರಗಿಲ್ಲ. ನಮ್ಮಲ್ಲಿ ಅನೇಕರಿಗೆ ಎಲ್.ಐ.ಸಿ. ಪಾಲಿಸಿ ಇದೆ. ದೇಶದ ಅತಿ ದೊಡ್ಡ ಸಿಗರೇಟು ಕಂಪನಿಯಾದ ಐ.ಟಿ.ಸಿ.ಯಲ್ಲಿ ಎಲ್.ಐ.ಸಿ.ಗೆ ಸುಮಾರು ಶೇಕಡಾ 15ರಷ್ಟು ಪಾಲು ಇದೆ. ಆಶೀರ್ವಾದ್ ಗೋಧಿಹಿಟ್ಟು ಮಾರುವುದೂ ಇದೇ ಕಂಪನಿ. ಅಂದರೆ ಒಳ್ಳೆಯದು, ಕೆಟ್ಟದ್ದು ಒಂದೇ ಚೀಲದಲ್ಲಿ ಇದೆ.

ಇನ್ನು ‘ಅವರವರಿಗೆ ಬಿಟ್ಟದ್ದು’ ಎಂಬ ಮಾತು. ಯಾರು ಮೀನು ತಿನ್ನುತ್ತಾರೆ, ಯಾರು ತಿನ್ನುವುದಿಲ್ಲ, ಮದುವೆಗೆ ಯಾವ ಬಣ್ಣದ ಸೀರೆ, ಇವೆಲ್ಲ ಅವರವರ ಪದ್ಧತಿ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೀರಿ. ಇಂಥ ವಿಷಯಕ್ಕೆ ನಾವು ಜಗಳ ಮಾಡಿದ್ದಿಲ್ಲ. ಆದರೆ ಒಬ್ಬರು ಸಾಲ ಕೇಳಿದಾಗ ನೀವು ಏನು ಕೇಳುತ್ತೀರಿ? “ಯಾವುದಕ್ಕೆ?” ಎಂದು ಕೇಳುತ್ತೀರಿ. ದನ ಕೊಳ್ಳಲು, ಹೊಲಿಗೆ ಯಂತ್ರಕ್ಕೆ, ಮಗುವಿನ ಫೀಸಿಗೆ ಕೊಡುತ್ತೀರಿ. ಕಳ್ಳಭಟ್ಟಿ ಹಾಕಲು ಇಮ್ಮಡಿ ಬಡ್ಡಿ ಕೊಡುತ್ತೇನೆಂದರೂ ಕೊಡುವುದಿಲ್ಲ. ಯಾಕೆಂದರೆ ಅದರಿಂದ ಯಾರ ಮನೆ ಹಾಳಾಗುತ್ತದೆ ಎಂದು ನಿಮಗೆ ಗೊತ್ತು. ಕಂಪನಿಯ ವಿಷಯದಲ್ಲಿ ಆ ಮನೆ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ದೂರ ಇದ್ದ ಮಾತ್ರಕ್ಕೆ ತಪ್ಪು ಸರಿಯಾಗುತ್ತದೆಯೇ?

ಈಗ ಇನ್ನೊಂದು ಬದಿಯಿಂದ ನೋಡಿ. 2010ರ ಆಗಸ್ಟ್‌ನಲ್ಲಿ ಹೈದರಾಬಾದಿನ ಎಸ್.ಕೆ.ಎಸ್. ಮೈಕ್ರೋಫೈನಾನ್ಸ್ ಷೇರುಪೇಟೆಗೆ ಬಂತು. ಒಂದು ಷೇರಿಗೆ 985 ರೂಪಾಯಿ. ಮಾರಾಟಕ್ಕೆ ಇಟ್ಟದ್ದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಬೇಡಿಕೆ ಇತ್ತು. ಬಡ ಹೆಂಗಸರ ವಾರದ ಕಂತು ದೊಡ್ಡ ಲಾಭದ ದಾರಿ ಎಂದು ಹಣವಂತರಿಗೆ ತಿಳಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಮೈಕ್ರೋಫೈನಾನ್ಸ್ ಸಾಲ ವಸೂಲಿಯ ಕಿರುಕುಳ ಮತ್ತು ಆತ್ಮಹತ್ಯೆಗಳ ಸುದ್ದಿ ಬಂದಾಗ, ಆಂಧ್ರ ಸರಕಾರ ಸುಗ್ರೀವಾಜ್ಞೆ ತಂದಿತು. ನಮ್ಮ ಕರ್ನಾಟಕದಲ್ಲಿಯೂ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ಸಾಲ ವಸೂಲಿಗಾಗಿ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಆ ಕಂಪನಿಗಳ ಷೇರು ಕೊಂಡವರು “ನಾವು ಯಾರ ಮನೆಬಾಗಿಲಿಗೂ ಹೋಗಿ ಕೂತಿಲ್ಲ, ಹಣ ಹಾಕಿದ್ದು ಮಾತ್ರ” ಎಂದು ಹೇಳಿದರೆ ನೀವು ಒಪ್ಪುತ್ತೀರಾ? ಒಪ್ಪುವುದಿಲ್ಲ. ಹಾಗಾದರೆ ಹಣ ಹಾಕುವ ಸರದಿ ನಮಗೆ ಬಂದಾಗ ಅದೇ ಮಾತನ್ನು ನಾವು ಹೇಳಬಾರದು. ಸಾಲ ಪಡೆದಾಗ ಒಂದು ನ್ಯಾಯ, ಲಾಭ ಪಡೆಯುವಾಗ ಇನ್ನೊಂದು ನ್ಯಾಯ ಇರಲು ಸಾಧ್ಯವಿಲ್ಲ.

ಹಾಗಾದರೆ ಬೀಡಿ? ಈ ಪ್ರಶ್ನೆ ನನ್ನ ಮನೆಯದ್ದೂ ಹೌದು. ನನ್ನ ಅಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಸಾಕಿದವರು. ಸೂಪು ಮಡಿಲಲ್ಲಿ ಇಟ್ಟುಕೊಂಡು ರಾತ್ರಿ ಹತ್ತರವರೆಗೆ ಕಟ್ಟುತ್ತಿದ್ದರು. ಎಸ್ಸೆಸ್ಸೆಲ್ಸಿವರೆಗೆ ನನ್ನ ಫೀಸು ಬಂದದ್ದು ಆ ಸೂಪಿನಿಂದ. ಒಂದು ದಿನ ಅಣ್ಣನ ಕಿಸೆಯಲ್ಲಿ ಬೀಡಿ ಸಿಕ್ಕಿತು. ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ. “ನೀವೇ ಕಟ್ಟುವುದಲ್ವಾ?” ಎಂದ ಅಣ್ಣ. “ನಾನು ಕಟ್ಟುವುದು ನಿನ್ನನ್ನು ಓದಿಸಲಿಕ್ಕೆ, ನೀನು ಸೇದಲಿಕ್ಕಲ್ಲ” ಎಂದರು. ಬೇರೆ ಯಾರದೋ ಮಗ ಅದನ್ನು ಸೇದುತ್ತಾನೆ ಎಂದು ಅಮ್ಮನಿಗೆ ಗೊತ್ತಿತ್ತು. ಅದು ಸರಿ ಎಂದು ಅವರು ಎಂದೂ ಹೇಳಲಿಲ್ಲ. ಬೇರೆ ಕೆಲಸ ಸಿಗಲಿಲ್ಲ ಎಂದು ಮಾತ್ರ ಹೇಳಿದರು.

ಇದೇ ನನ್ನ ಉತ್ತರ. ಹೊಗೆಸೊಪ್ಪು ಶ್ವಾಸಕೋಶಕ್ಕೆ ಮಾಡುವ ಹಾನಿ ಯಾರ ಅಭಿಪ್ರಾಯದಿಂದಲೂ ಬದಲಾಗುವುದಿಲ್ಲ. ಬದಲಾಗುವುದು ನಮ್ಮ ಹೊಣೆ. ಬೇರೆ ದಾರಿ ಇಲ್ಲದವರ ಹೊಣೆ ಕಡಿಮೆ, ಆಯ್ಕೆ ಇದ್ದವರ ಹೊಣೆ ಹೆಚ್ಚು. ಸಾವಿರ ಬೀಡಿಗೆ ಇಷ್ಟು ಎಂದು ಬ್ರಾಂಚಿನಲ್ಲಿ ಲೆಕ್ಕ ಕೊಡುವ ಹೆಂಗಸನ್ನೂ, ಹತ್ತು ಕಂಪನಿಗಳಲ್ಲಿ ಬೇಕಾದ್ದನ್ನು ಆರಿಸಬಲ್ಲವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ಕೈಯಲ್ಲಿ ನಾಲ್ಕು ಕಾಸು ಉಳಿದ ದಿನದಿಂದ ನಾವೂ ಆರಿಸಬಲ್ಲವರೇ.

ಆರಿಸಿದವರು ಇದ್ದಾರೆ. ನಾರ್ವೆ ದೇಶದ ಸರಕಾರಿ ಪಿಂಚಣಿ ನಿಧಿ 2010ರಲ್ಲಿ ತಂಬಾಕು ತಯಾರಿಸುವ ಕಂಪನಿಗಳನ್ನು ಕೈಬಿಟ್ಟಿತು. ಲಾಭ ತರುತ್ತಿದ್ದ ಸಿಗರೇಟು ಮಾರಾಟವನ್ನು ಪೋಪ್ ಫ್ರಾನ್ಸಿಸ್‌ರವರು 2018ರಿಂದ ವ್ಯಾಟಿಕನ್‌ನಲ್ಲಿ ನಿಲ್ಲಿಸಿದರು. ಸರಕಾರಿ ವಿಮಾ ಕಂಪನಿಗಳು ತಂಬಾಕಿನಲ್ಲಿ ಹಣ ಹಾಕುವುದನ್ನು ಪ್ರಶ್ನಿಸಿ 2017ರಲ್ಲಿ ಕೆಲವರು ಬಾಂಬೆ ಹೈಕೋರ್ಟಿಗೂ ಹೋದರು. ನಾವು ಹಿಂದೆ ಸರಿದ ಕೂಡಲೇ ಕಂಪನಿ ಮುಚ್ಚುತ್ತದೆಯೇ? ಇಲ್ಲ, ಆ ಷೇರನ್ನು ಬೇರೆಯವರು ಕೊಳ್ಳುತ್ತಾರೆ. ನಾವು ಕೊಡದಿದ್ದರೆ ಕಳ್ಳಭಟ್ಟಿಯವನಿಗೂ ಬೇರೆ ಕಡೆ ಸಾಲ ಸಿಗಬಹುದು. ಆದರೂ ನಾವು ಕೊಡುವುದಿಲ್ಲ ಅಲ್ವಾ?

ಮನೆಗೆ ಹೋಗಿ ಮಾಡಬೇಕಾದ್ದು ಇಷ್ಟು:

1. ಸಂಘದ ಉಳಿತಾಯ ಸದಸ್ಯರ ಸಾಲಕ್ಕೆ ಮೀಸಲು. ಅದನ್ನು ಷೇರುಪೇಟೆಗೆ ಒಯ್ಯಬೇಡಿ.

2. ಗಾಬರಿಯಿಂದ ಎಲ್.ಐ.ಸಿ. ಪಾಲಿಸಿಯನ್ನು ಅರ್ಧಕ್ಕೆ ನಿಲ್ಲಿಸಬೇಡಿ. ನಷ್ಟ ನಿಮ್ಮ ಮಕ್ಕಳಿಗೆ.

3. ಫಂಡ್ ಇದ್ದವರು, ಹಣ ಯಾವ ಯಾವ ಕಂಪನಿಯಲ್ಲಿದೆ ಎಂದು ಮಕ್ಕಳ ಹತ್ತಿರ ಅಥವಾ ಏಜೆಂಟರ ಹತ್ತಿರ ಕೇಳಿ. ಆ ಪಟ್ಟಿಯನ್ನು ಫಂಡಿನವರು ಪ್ರತಿ ತಿಂಗಳು ಪ್ರಕಟಿಸಲೇಬೇಕು. ಮನಸ್ಸು ಒಪ್ಪದಿದ್ದರೆ ಬೇರೆ ಫಂಡ್ ಆರಿಸಬಹುದು.

4. ಪಟ್ಟಿ ನೋಡುವಾಗ ಒಂದು ಮಾತು ಕೇಳಿಕೊಳ್ಳಿ: ಈ ಲಾಭ ಎಲ್ಲಿಂದ ಬಂತು ಎಂದು ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಲು ನನಗೆ ಧೈರ್ಯ ಇದೆಯೇ?

ನಾನು ಕೂಡ ನಮ್ಮ ಕಾನ್ವೆಂಟಿನ ಉಳಿತಾಯ ಎಲ್ಲಿದೆ ಎಂದು ಕೇಳಿದ್ದು ಕಳೆದ ತಿಂಗಳು, ಆ ಸದಸ್ಯೆ ಪ್ರಶ್ನೆ ಕೇಳಿದ ಮೇಲೆ. ಇಷ್ಟು ವರ್ಷ ಕೇಳಬೇಕೆಂದು ತೋಚಲಿಲ್ಲ. ಅವರಿಗೆ ನಾನು ಋಣಿ.

ಮುಂದಿನ ಮಾಸಿಕ ಸಭೆಯಲ್ಲಿ ಪ್ರತಿಯೊಂದು ಸಂಘವೂ ಈ ವಿಷಯ ಚರ್ಚಿಸಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ದೇವರು ನಿಮ್ಮೆಲ್ಲರ ದುಡಿಮೆಯನ್ನು ಆಶೀರ್ವದಿಸಲಿ.