ಗುಡ್ಡೆಯ ಕೇಪಳ ಡೊಂಬಿವಲಿಯಲ್ಲಿ

ನಾನು ಭಾಷಣಗಾರ್ತಿಯಲ್ಲ. "ಮನೆಯಂಗಳದ ಗಿಡದ ಬಗ್ಗೆ ನಾಲ್ಕು ಮಾತಾಡಿ" ಎಂದಾಗ ಒಪ್ಪಿಕೊಂಡದ್ದಕ್ಕೆ ಒಂದು ಸ್ವಾರ್ಥವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನನ್ನ ಗಿಡ ಕೇಪಳ. ತುಳುವಿನಲ್ಲಿ ಕೇಪುಳ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕಡೆಯವರಿಗೆ ಪರಿಚಯ ಬೇಕಿಲ್ಲ. ಮುರಕಲ್ಲಿನ ಗುಡ್ಡೆಯಲ್ಲಿ ಯಾರೂ ನೀರೆರೆಯದೆ ಬೆಳೆದು, ಬೇಸಗೆಯಲ್ಲಿ ಕೆಂಪಗೆ ಗೊಂಚಲು ಬಿಡುವ ಪೊದೆ. ಶಾಲೆಯಿಂದ ಬರುವಾಗ ಹೂವಿನ ಕೊಳವೆ ಎಳೆದು ಜೇನು ಚೀಪಿದವರು, ಹಣ್ಣು ತಿಂದು ನಾಲಗೆ ಕೆಂಪು ಮಾಡಿಕೊಂಡವರು ಈ ಸಭೆಯಲ್ಲೂ ಇದ್ದೀರಿ. ನಗುವುದು ಕಾಣುತ್ತಿದೆ!

ಇದರ ಹೆಸರಿನ ಕಥೆ ಸ್ವಾರಸ್ಯವಾಗಿದೆ. ಡಚ್ಚರ ಕಾಲದಲ್ಲಿ ಮಲಬಾರಿನ ಗಿಡಗಳ ಬಗ್ಗೆ 'ಹೋರ್ಟಸ್ ಮಲಬಾರಿಕಸ್' ಎಂಬ 12 ಸಂಪುಟಗಳ ಗ್ರಂಥ 1678ರಿಂದ 1693ರವರೆಗೆ ಅಚ್ಚಾಯಿತು. ಮಲಯಾಳದ 'ಚೆತ್ತಿ' ಅದರಲ್ಲಿ 'ಶೆಟ್ಟಿ' ಎಂಬಂತೆ ಬರೆಯಲ್ಪಟ್ಟಿದೆ. ನಮ್ಮ ಸಂಘದ ಶೆಟ್ಟರು ಹೆಮ್ಮೆಪಡಬಹುದು! ಮುಂದೆ 1753ರಲ್ಲಿ ಲಿನೇಯಸ್ ಇದಕ್ಕೆ 'ಇಕ್ಸೋರಾ ಕಾಕ್ಸಿನಿಯಾ' ಎಂದು ಹೆಸರಿಟ್ಟ. 'ಇಕ್ಸೋರಾ' ಎಂದರೆ ಬೇರೇನಲ್ಲ, ಪೋರ್ಚುಗೀಸರ ಬಾಯಲ್ಲಿ ತಿರುಚಿದ ನಮ್ಮ 'ಈಶ್ವರ'.

ನಮ್ಮ ಮನೆಗೆ ಇದನ್ನು ತಂದವರು ನನ್ನ ಅತ್ತೆಯವರು. ಕಾರ್ಕಳದ ಹತ್ತಿರದ ಊರಿನ ಮನೆ ಪಾಲಾಗಿ ಮಾರಾಟವಾದ ಮೇಲೆ, 2004ರ ಮಳೆಗಾಲದಲ್ಲಿ ಅವರು ಡೊಂಬಿವಲಿಗೆ ಬಂದರು. ಉಡುಪಿಯಲ್ಲಿ ಮತ್ಸ್ಯಗಂಧ ಹತ್ತಿದಾಗ ಕೈಯಲ್ಲಿದ್ದದ್ದು ಒಂದು ಟ್ರಂಕು, ಒದ್ದೆ ಬಟ್ಟೆ ಸುತ್ತಿದ ನಾಲ್ಕು ಕೇಪಳದ ಗೆಲ್ಲು. "ಇಲ್ಲಿ ನರ್ಸರಿಯಲ್ಲಿ ಸಿಗುತ್ತದಲ್ಲ ಅತ್ತೆ, ಯಾಕೆ ಹೊತ್ತು ತಂದಿರಿ?" ಎಂದು ಕೇಳಿದೆ. ಅವರು ಮಾತಾಡಲಿಲ್ಲ.

ನರ್ಸರಿಯದ್ದು ಬೇರೆ ಎಂದು ನನಗೆ ಆಮೇಲೆ ತಿಳಿಯಿತು. ಅಲ್ಲಿ ಹೆಚ್ಚಾಗಿ ಸಿಗುವುದು ಚೀನಾ ಜಾತಿಯದ್ದು ಅಥವಾ ಗಿಡ್ಡ ಮಿಶ್ರತಳಿ. ಅದರ ಎಸಳಿನ ತುದಿ ದುಂಡಗೆ. ನಮ್ಮ ಕೇಪಳದ ಎಸಳು ಚೂಪು, ಎಲೆಗೆ ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ.

ನಾಲ್ಕರಲ್ಲಿ ಒಂದೇ ಗೆಲ್ಲು ಚಿಗುರಿತು. ಅದೂ ಎರಡನೇ ವರ್ಷ ಹಳದಿಯಾಯಿತು. ನರ ಮಾತ್ರ ಹಸಿರು, ಉಳಿದ ಎಲೆಯೆಲ್ಲ ಹಳದಿ. ನಾನು ದಿನಾ ಎರಡು ಸಲ ನೀರು ಹಾಕಿದೆ, ಇನ್ನಷ್ಟು ಹಳದಿಯಾಯಿತು. ಕಸಕ್ಕೆ ಹಾಕೋಣವೆಂದಾಗ ಅತ್ತೆ ಕುಂಡದ ಮಣ್ಣನ್ನು ಬೆರಳಲ್ಲಿ ತಿಕ್ಕಿ, "ಇದು ಮಣ್ಣಲ್ಲ ಮಾರಾಯ್ತಿ, ಗಾರೆ" ಎಂದರು. ಸರಿಯೇ. ಕಟ್ಟಡ ಕಟ್ಟುವ ಜಾಗದ ಪಕ್ಕದಿಂದ ನಾನು ಮಣ್ಣು ತುಂಬಿಸಿದ್ದೆ. ಕೇಪಳಕ್ಕೆ ಹುಳಿ ಮಣ್ಣು ಬೇಕು. ಸುಣ್ಣ, ಸಿಮೆಂಟು ಸೇರಿದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಎಳೆದುಕೊಳ್ಳಲು ಆಗುವುದಿಲ್ಲ. ಕೆಂಪು ಮಣ್ಣು, ಎಲೆಗೊಬ್ಬರ, ತೆಂಗಿನ ನಾರಿನ ಹುಡಿ ಸಮಪಾಲು ಹಾಕಿ ಬದಲಿಸಿದೆವು. ಎರಡು ತಿಂಗಳಲ್ಲಿ ಹೊಸ ಎಲೆ ಹಸಿರಾಗಿ ಬಂತು.

ಮಾಡುವ ಕ್ರಮ ಇಷ್ಟೇ. ಮಳೆ ಹಿಡಿದ ಮೇಲೆ, ತೀರಾ ಎಳತೂ ಅಲ್ಲದ ತೀರಾ ಬಲಿತೂ ಅಲ್ಲದ ಗೆಲ್ಲನ್ನು ಗೇಣುದ್ದ, ಗಂಟಿನ ಕೆಳಗೆ ಕತ್ತರಿಸಿ. ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಊರಿ ನೆರಳಲ್ಲಿಡಿ. ಬೇರು ಬರಲು ಒಂದೂವರೆ-ಎರಡು ತಿಂಗಳು ಬೇಕು, ಎಳೆದು ನೋಡಬೇಡಿ. ಆಮೇಲೆ ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಸಿಗುವ ಬಾಲ್ಕನಿ ಸಾಕು. ಕುಂಡದಲ್ಲಿ ನೀರು ನಿಲ್ಲಬಾರದು. ಹೂ ಮುಗಿದ ಮೇಲೆ ತುದಿ ಚಿವುಟಿ. ಹೊಸ ತುದಿಯಲ್ಲೇ ಗೊಂಚಲು ಬರುವುದು.

ಇನ್ನು ಅಡುಗೆಗೆ. ಒಂದು ಹಿಡಿ ಹೂವನ್ನು ಅಥವಾ ಎಳೆ ಕುಡಿಯನ್ನು ಜೀರಿಗೆ, ನಾಲ್ಕು ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ತೆಂಗಿನ ತುರಿಯ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆ, ಉಪ್ಪು ಸೇರಿಸಿ. ತಂಬುಳಿ ಆಯಿತು, ಕುದಿಸುವುದು ಬೇಡ. ಮೇ ತಿಂಗಳ ಸೆಕೆಗೆ ಅನ್ನದೊಂದಿಗೆ ಹಿತ. ಆದರೆ ಮದ್ದು ಹೊಡೆದ ನರ್ಸರಿ ಗಿಡದ ಹೂ, ಪೇಟೆಯ ಹೂ ಅಡುಗೆಗೆ ಬೇಡ. ಹೊಟ್ಟೆ ಕೆಟ್ಟರೆ ಹಿರಿಯರು ಬೇರಿನ ಕಷಾಯ ಕೊಡುತ್ತಿದ್ದರು ನಿಜ. ಮಕ್ಕಳಿಗೆ ಭೇದಿಯಾದರೆ ಮೊದಲು ಓಆರ್‌ಎಸ್ ಕೊಡಿ, ಡಾಕ್ಟರರ ಹತ್ತಿರ ಹೋಗಿ.

ಕುಂಡದಿಂದ ಗಿಡ ಸೊಸೈಟಿಯ ಗೇಟಿನ ಬದಿಯ ನೆಲಕ್ಕಿಳಿಯಿತು. ಪಕ್ಕದ ಮನೆಯ ಸಿಂಧುದುರ್ಗದ ತಾಯಿ ಅದನ್ನು ನೋಡಿ "ಇದು ನಮ್ಮೂರಿನ ಪಿಟ್‌ಕೊಳಿ" ಎಂದರು. ಅಲ್ಲಿಯವರೆಗೆ ಅತ್ತೆಗೆ ಮರಾಠಿ ಬಾರದು, ಅವರಿಗೆ ಕನ್ನಡ ಬಾರದು. ಆ ದಿನದಿಂದ ಸಂಜೆ ಇಬ್ಬರೂ ಅದರ ಬುಡದಲ್ಲಿ ಕುರ್ಚಿ ಹಾಕಿ ಕೂರತೊಡಗಿದರು. ಏನು ಮಾತಾಡುತ್ತಿದ್ದರೋ ನನಗೆ ಗೊತ್ತಿಲ್ಲ. ಅತ್ತೆ ತೀರಿಕೊಂಡು ಆರು ವರ್ಷವಾಯಿತು. ಯಾಕೆ ಹೊತ್ತು ತಂದಿರಿ ಎಂದು ಮತ್ತೆ ಕೇಳಬೇಕಾಗಲಿಲ್ಲ.

ಈಗ ನನ್ನ ಸ್ವಾರ್ಥ. ನಮ್ಮ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ. ದೀಪಾವಳಿ ಕಳೆದು ಎಲ್ಲರೂ ಖಾಲಿ ಮಾಡಬೇಕು. ಆಳೆತ್ತರದ ಪೊದೆಯನ್ನು ಬಾಡಿಗೆ ಮನೆಗೆ ಒಯ್ಯುವಂತಿಲ್ಲ, ಅಲ್ಲಿ ಬಾಲ್ಕನಿಯೂ ಇಲ್ಲ. ಜೂನಿನಲ್ಲಿ ಹಾಲಿನ ಪ್ಯಾಕೆಟುಗಳಲ್ಲಿ 22 ಗೆಲ್ಲು ಊರಿದ್ದೆ, 14 ಬೇರು ಬಿಟ್ಟಿವೆ. ಬಾಗಿಲ ಬಳಿ ಇಟ್ಟಿದ್ದೇನೆ. ಒಬ್ಬೊಬ್ಬರು ಒಂದೊಂದು ತೆಗೆದುಕೊಂಡು ಹೋಗಿ. ದುಡ್ಡು ಬೇಡ, ಒಂದೇ ಷರತ್ತು: ನಮಗೆ ಹೊಸ ಮನೆ ಸಿಕ್ಕ ದಿನ ನಿಮ್ಮಲ್ಲಿ ಯಾರಾದರೂ ನನಗೊಂದು ಗೆಲ್ಲು ವಾಪಸು ಕೊಡಬೇಕು. ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ.