ಕಡಲ ಜೀವಿಗಳ ನಾಮವಿಚಾರ



ಕಾಸರಗೋಡಿನ ಕಡಲತಡಿಯಲ್ಲಿ ಬಾಳುವ ನಮಗೆ ಒಂದೊಂದು ಮೀನಿಗೂ ಹಲವು ಹೆಸರುಗಳುಂಟು. ನಾವು ಬಂಗುಡೆ ಎಂದುದನ್ನು ಮಲಯಾಳ ನುಡಿಯ ನೆರೆಯವರು ಅಯಿಲ ಎನ್ನುವರು. ತುಳುವಿನ ಬೂತಾಯಿಯೇ ಮಲಯಾಳದಲ್ಲಿ ಮತ್ತಿ, ಕೊಂಕಣಿಯಲ್ಲಿ ತಾರ್ಲೆ. ಇಂತಹ ತೊಡಕನ್ನು ನೀಗಲೆಂದೇ ಸ್ವೀಡನ್ ದೇಶದ ಲಿನೇಯಸ್ ಪಂಡಿತನು 1758ರಲ್ಲಿ ಪ್ರಾಣಿಗಳಿಗೆಲ್ಲ ಎರಡು ಪದಗಳ ಹೆಸರನ್ನಿಡುವ ಕ್ರಮವನ್ನು ನೆಲೆಗೊಳಿಸಿದನು.

ಈ ಹೆಸರುಗಳೆಲ್ಲ ಗ್ರೀಕ್, ಲ್ಯಾಟಿನ್ ಎಂದು ನಾವು ದೂರ ನಿಲ್ಲಬೇಕಾಗಿಲ್ಲ. ಬಂಗುಡೆಯ ಶಾಸ್ತ್ರೀಯ ನಾಮ ‘ರಾಸ್ಟ್ರೆಲ್ಲಿಗರ್ ಕನಗುರ್ತ’. ಮೊದಲ ಪದ ಲ್ಯಾಟಿನ್ನಿನದು. ಹಲ್ಲುಗಳುಳ್ಳ ಬಾಚುವ ಸಾಧನವನ್ನು ಹೊತ್ತುದು ಎಂದರ್ಥ. ಮೀನನ್ನು ಶುಚಿಗೊಳಿಸುವ ನಮ್ಮ ತಾಯಂದಿರು ಅದರ ಕಿವಿರಿನಲ್ಲಿ ಆ ಬಾಚಣಿಗೆಯನ್ನು ಕಂಡೇ ಇರುವರು. ನೀರನ್ನು ಸೋಸಿ ಸೂಕ್ಷ್ಮಜೀವಿಗಳನ್ನು ಆಹಾರವಾಗಿ ಹಿಡಿಯುವುದು ಅದರಿಂದಲೇ. ಎರಡನೆಯ ಪದವಾದರೋ ತೆಲುಗು! ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯನು ವಿಶಾಖಪಟ್ಟಣದಲ್ಲಿ ಸಂಗ್ರಹಿಸಿದ ಇನ್ನೂರು ಮೀನುಗಳನ್ನು ಕುರಿತ ಗ್ರಂಥವನ್ನು 1803ರಲ್ಲಿ ಪ್ರಕಟಿಸಿದನು. ಅಲ್ಲಿನ ಜನರ ಹೆಸರನ್ನೇ ಅದರಲ್ಲಿ ಬರೆದಿಟ್ಟನು. ಫ್ರಾನ್ಸಿನ ಕ್ಯುವಿಯೆ 1816ರಲ್ಲಿ ಅದನ್ನೇ ಶಾಸ್ತ್ರಕ್ಕೆ ಸೇರಿಸಿದನು.

1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮುಂದೆ ಗಂಗಾನದಿಯ ಮೀನುಗಳನ್ನು ಕುರಿತು ಬರೆದನು. ಕಡಲಿನಿಂದ ನದಿಗೇರುವ ಒಂದು ಮೀನಿಗೆ ಅವನು 1822ರಲ್ಲಿ ಬಂಗಾಳಿಗಳ ಮಾತನ್ನೇ ಉಳಿಸಿ ‘ಇಲಿಶ’ ಎಂದು ಹೆಸರಿಟ್ಟನು.

ನಮ್ಮ ಬೂತಾಯಿಗೆ ಆ ಭಾಗ್ಯ ದೊರೆಯಲಿಲ್ಲ. 1847ರಲ್ಲಿ ವಾಲೆನ್ಸಿಯೆನ್ ಇತ್ತ ‘ಸಾರ್ಡಿನೆಲ್ಲ ಲಾಂಜಿಸೆಪ್ಸ್’ ಎಂಬ ಹೆಸರಿನ ಮೊದಲ ಪದ ದೂರದ ಸಾರ್ಡಿನಿಯ ದ್ವೀಪವನ್ನು ನೆನಪಿಸುವುದು. ಎರಡನೆಯದು ಉದ್ದ ತಲೆಯದು ಎನ್ನುವುದು. ನಮ್ಮ ಕರಾವಳಿಯ ನುಡಿಯೊಂದೂ ಅದರಲ್ಲಿಲ್ಲ.

ಬಂಧುಗಳೆ, ಕನಗುರ್ತ ಉಳಿದುದು ಯಾವ ಅರಸನ ಆಜ್ಞೆಯಿಂದಲೂ ಅಲ್ಲ. ಬೆಸ್ತರನ್ನು ಕೇಳಿ ಬರೆದಿಟ್ಟುದರಿಂದ. 1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು. ಮೀನಿನ ಹೆಸರು ಬದಲಾಗಲಿಲ್ಲ. ಆದರೆ ಬರೆದಿಡದ ಮಾತು ಆಡುವವರೊಡನೆ ಅಳಿಯುವುದು. ಆದುದರಿಂದ ಶಾಲೆಯಲ್ಲಿ ಶಾಸ್ತ್ರೀಯ ನಾಮವನ್ನು ಕಲಿಯುವ ನಮ್ಮ ಮಕ್ಕಳು, ಬಲೆಯೆಳೆಯುವ ಹಿರಿಯರ ಬಳಿಗೆ ಹೋಗಿ ಮೀನು, ಏಡಿ, ಚಿಪ್ಪುಗಳ ಹೆಸರುಗಳನ್ನು ಕೇಳಲಿ; ಕನ್ನಡ ಲಿಪಿಯಲ್ಲಿ ಬರೆದಿಡಲಿ. ತುಳುವಾಗಲಿ, ಮಲಯಾಳವಾಗಲಿ, ಕೊಂಕಣಿಯಾಗಲಿ, ಯಾವುದನ್ನೂ ಬಿಡದಿರಲಿ. ಈ ಕೆಲಸವನ್ನು ನಮ್ಮ ಮನೆಗಳಿಂದಲೇ ತೊಡಗೋಣ.