ಶಾಲೆಯ ಬಾಗಿಲು ಯಾರಿಗೆ?

(ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷ ಪೂರೈಸಿದ ಧರ್ಮಕೇಂದ್ರವು ಒಳಗೆ ಬಂದವರನ್ನು ಎಣಿಸಿ ಹಿಗ್ಗುವುದು ಸಹಜ. ಹೊರಗುಳಿದವರು ಯಾರೆಂದು ಕೇಳಿಕೊಳ್ಳುವುದೂ ಈ ಹಬ್ಬದ ಕರ್ತವ್ಯವೇ. ಹಾಗೆ ಹೊರಗುಳಿದವರಲ್ಲಿ ಆಟಿಸಂ ಉಳ್ಳ ಮಕ್ಕಳೂ ಸೇರಿದ್ದಾರೆ. ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುತ್ತೇವೆ. ಇದು ಅಂಟುರೋಗವಲ್ಲ, ಬುದ್ಧಿಭ್ರಮೆಯಲ್ಲ, ಹೆತ್ತವರ ಪಾಪದ ಫಲವೂ ಅಲ್ಲ. ಮಾತು, ಒಡನಾಟ, ಶಬ್ದ ಬೆಳಕುಗಳ ಅನುಭವ ಇವೆಲ್ಲ ಎಳವೆಯಿಂದಲೇ ಬೇರೊಂದು ರೀತಿಯಲ್ಲಿ ಬೆಳೆಯುವ ಸ್ಥಿತಿ.

1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಲೇಖನ ಪ್ರಸಿದ್ಧವಾದುದು. ಅವರಲ್ಲಿ ಮೊದಲನೆಯವನು ಮಿಸಿಸಿಪಿ ಸಂಸ್ಥಾನದ ಡೊನಾಲ್ಡ್ ಟ್ರಿಪ್ಲೆಟ್. ಮೂರು ವರ್ಷದ ಈ ಬಾಲಕನನ್ನು ಮನೆಯಿಂದ ದೂರದ ಸಂಸ್ಥೆಯೊಂದರಲ್ಲಿ ಬಿಡಲಾಗಿತ್ತು. ತಂದೆತಾಯಿ ಮರುವರ್ಷವೇ ಮರಳಿ ಕರೆತಂದರು. ಮುಂದೆ ಕೆಲವು ವರ್ಷ ಅವನು ರೈತ ದಂಪತಿಗಳ ಮನೆಯಲ್ಲಿ ಬೆಳೆದನು. ಅಳೆಯುವುದು, ಎಣಿಸುವುದು ಅವನ ಗೀಳು. ರೈತನು ಅವನಿಗೆ ಬಾವಿಯ ಆಳವನ್ನು ಅಳೆಯುವ ಕೆಲಸ ಕೊಟ್ಟನು. ಹೊಲ ಉಳುವಾಗ ಸಾಲುಗಳನ್ನು ಎಣಿಸಗೊಟ್ಟನು. ಹಳ್ಳಿಯ ಶಾಲೆಯೂ ಅವನ ವಿಚಿತ್ರ ನಡವಳಿಕೆಯೊಡನೆಯೇ ಅವನನ್ನು ಸ್ವೀಕರಿಸಿತು. ಆ ಡೊನಾಲ್ಡ್ ಮುಂದೆ ಪದವಿ ಪಡೆದರು, ಬ್ಯಾಂಕಿನಲ್ಲಿ ಉದ್ಯೋಗ ಮಾಡಿದರು, ದೇಶದೇಶ ಸುತ್ತಿದರು. 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆ ಬ್ಯಾಂಕು ಅವರ ಮನೆತನದ್ದೇ ಆಗಿತ್ತೆಂಬುದನ್ನು ನಾವು ಮರೆಯಬಾರದು. ಬಡವರ ಮನೆಯ ಮಗುವಿಗೆ ಆಸರೆ ಯಾವುದು? ಕಾನೂನೇ. ನಮ್ಮ ದೇಶದ 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಸ್ವಲೀನತೆಯ ಹೆಸರೇ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯು ಅದನ್ನು ಹೆಸರಿಸಿತು. ಹೆತ್ತವರ ಹಾಗೂ ಸಂಘಟನೆಗಳ ಹೋರಾಟದ ಫಲವಾಗಿ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 21 ವಿಧಗಳಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಅವರವರ ಅಗತ್ಯಕ್ಕೆ ತಕ್ಕ ಅನುಕೂಲ ಒದಗಿಸಬೇಕು ಎಂಬುದು ಅದರ 16ನೆಯ ಕಲಮಿನ ಆಶಯ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಪಸಂಖ್ಯಾತರ ಶಾಲೆಗಳನ್ನು 2009ರ ಶಿಕ್ಷಣ ಹಕ್ಕು ಕಾಯಿದೆಯಿಂದ ಹೊರಗಿಟ್ಟಿತು, ನಿಜ. ಆದರೆ ಈ 16ನೆಯ ಕಲಮಿನಲ್ಲಿ ಅಂಥ ವಿನಾಯಿತಿಯ ಮಾತಿಲ್ಲ. ನಮ್ಮದು ಧರ್ಮಸಭೆಯ ಶಾಲೆಯೆಂದು ಹೇಳಿ ನಾವು ನುಣುಚಿಕೊಳ್ಳುವಂತಿಲ್ಲ. ಧರ್ಮಸಭೆಯ ಶಾಲೆಯಾದುದರಿಂದಲೇ ನಾವು ಮುಂದೆ ನಿಲ್ಲಬೇಕು.

ಶಾಲೆ ಮಾಡಬೇಕಾದುದೇನು? ದಿನದ ವೇಳಾಪಟ್ಟಿಯನ್ನು ಚಿತ್ರಗಳಲ್ಲಿ ತೋರಿಸಬಹುದು. ಬದಲಾವಣೆ ಇದ್ದರೆ ಮುಂಚಿತವಾಗಿ ತಿಳಿಸಬಹುದು. ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗುವನ್ನು ಗಂಟೆಯಿಂದ ದೂರದ ಕೊಠಡಿಯಲ್ಲಿ ಕೂರಿಸಬಹುದು. ಮಾತು ಬಾರದ ಮಗು ಚಿತ್ರಫಲಕ ತೋರಿಸಿ ಉತ್ತರಿಸಬಹುದು. ಇವುಗಳಿಗೆ ತಗಲುವ ಖರ್ಚು ಅಲ್ಪ. ತರಬೇತಿ ಪಡೆದ ಶಿಕ್ಷಕರಿಗೆ ಮಾತ್ರ ಹಣ ಬೇಕು. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಶತಮಾನೋತ್ಸವದ ಕಮಾನಿಗೆ, ದೀಪಾಲಂಕಾರಕ್ಕೆ ಹಣ ಕೂಡಿಸಿದ ನಾವು ಒಬ್ಬ ಶಿಕ್ಷಕರ ಸಂಬಳಕ್ಕೆ ಕೂಡಿಸಲಾರೆವೇ?

ಇನ್ನೊಂದು ಮಾತು. ತಾಯಿಯ ಪ್ರೀತಿ ಸಾಲದುದೇ ಸ್ವಲೀನತೆಗೆ ಕಾರಣವೆಂದು ಒಂದು ಕಾಲದಲ್ಲಿ ತಜ್ಞರೇ ದೂರಿದ್ದುಂಟು. ಇಂಥ ಮಗನ ತಂದೆಯೇ ಆಗಿದ್ದ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲಿ ಗ್ರಂಥ ಬರೆದು ಆ ವಾದವನ್ನು ಖಂಡಿಸಿದರು. ಆದರೆ ಪೂಜೆಯ ನಡುವೆ ಮಗುವೊಂದು ಕೂಗಿದಾಗ ತಾಯಿಯತ್ತ ತಿರುಗುವ ನಮ್ಮ ಕಣ್ಣುಗಳಲ್ಲಿ ಆ ದೂರು ಇನ್ನೂ ಉಳಿದಿದೆ. ಮುಂದಿನ ಭಾನುವಾರ ಆ ತಾಯಿಗೆ ಪಕ್ಕದಲ್ಲಿ ಸ್ಥಳ ಬಿಟ್ಟುಕೊಡೋಣ.

ಜೂನ್ ತಿಂಗಳಲ್ಲಿ ಅದೇ ತಾಯಿ ಮಗುವಿನ ಕೈಹಿಡಿದು ನಮ್ಮ ಶಾಲೆಗೆ ಬಂದಾಳು. ಆಕೆ ಕೇಳುವುದು ಭಿಕ್ಷೆಯನ್ನಲ್ಲ, ಮಗುವಿನ ಹಕ್ಕನ್ನು. ಸ್ಥಳವಿಲ್ಲವೆನ್ನುವ ಮೊದಲು ಬಾವಿ ಅಳೆಯಗೊಟ್ಟ ಆ ರೈತನನ್ನು ನೆನೆಯೋಣ.